ಬ್ರೇಕ್ ಆಯಿಲ್ ಹಾಕುವ ಮೊದಲು ಹೇಳಿ, ಹಳೇದು ಎಲ್ಲಿ ಹೋಯ್ತು?

ನಮಸ್ಕಾರ ರೀ ಎಲ್ಲರಿಗೂ. ಇವತ್ತು ಎಸಿ ಬಗ್ಗೆ ಮಾತಾಡಬೇಕು ಅಂತ ಬರೆದಿಟ್ಟಿದ್ದೆ. ಅದು ಮುಂದಿನ ವಾರ. ಯಾಕೆಂದರೆ ಹೋದ ವಿಡಿಯೋ ಕೆಳಗೆ ಒಬ್ಬರು ಕಮೆಂಟ್ ಹಾಕಿದ್ದಾರೆ. ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. "ಅಣ್ಣಾ, ಬ್ರೇಕ್ ಆಯಿಲ್ ಕಡಿಮೆ ಆದರೆ ಒಂದು ಡಬ್ಬಿ ತಂದು ಸುರಿದರೆ ಮುಗೀತು. ನಾನು ಪ್ರತಿ ತಿಂಗಳು ಹಾಕುತ್ತೇನೆ. ಇದಕ್ಕೆ ಇಷ್ಟುದ್ದ ವಿಡಿಯೋ ಯಾಕೆ?"

ಪ್ರತಿ ತಿಂಗಳು! ಮೇಲೆ ಅದಕ್ಕೆ ಲೈಕ್ ಬೇರೆ ಬಿದ್ದಿವೆ.

ತಮ್ಮಾ, ಒಂದೇ ಪ್ರಶ್ನೆ ಕೇಳುತ್ತೇನೆ. ಹೋದ ತಿಂಗಳು ಹಾಕಿದ ಆಯಿಲ್ ಎಲ್ಲಿ ಹೋಯ್ತು?

ಪೆಟ್ರೋಲ್ ಖರ್ಚಾಗುತ್ತದೆ. ವೈಪರ್ ನೀರು ಖರ್ಚಾಗುತ್ತದೆ. ಹಳೇ ಗಾಡಿಯಲ್ಲಿ ಎಂಜಿನ್ ಆಯಿಲ್ ಕೂಡ ಒಂಚೂರು ಸುಡುತ್ತದೆ. ಬ್ರೇಕ್ ಆಯಿಲ್ ಖರ್ಚಾಗುವ ವಸ್ತುವೇ ಅಲ್ಲ. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲಿಗೆ ಸೇರಿದ ಪಂಪು, ಅದನ್ನು ಪೈಪಿನೊಳಗೆ ತಳ್ಳುತ್ತದೆ. ಆ ಒತ್ತಡ ನಾಲ್ಕೂ ಚಕ್ರಕ್ಕೆ ಮುಟ್ಟಿ, ಮುಂದೆ ಡಿಸ್ಕ್ ಹಿಡಿಯುವ ಪ್ಯಾಡನ್ನು, ಹಿಂದೆ ಡ್ರಮ್ಮಿನೊಳಗಿನ ಶೂಗಳನ್ನು ಒತ್ತುತ್ತದೆ. ಕಾಲು ತೆಗೆದರೆ ವಾಪಸ್ ಬರುತ್ತದೆ. ಅಷ್ಟೇ ಅದರ ಓಡಾಟ. ಮನೆ ಮೇಲಿನ ಟ್ಯಾಂಕು ರಾತ್ರೋರಾತ್ರಿ ಅರ್ಧ ಖಾಲಿಯಾದರೆ ನಮ್ಮ ಊರಲ್ಲಿ ಯಾರೂ ಸುಮ್ನೆ ಮೋಟರ್ ಹಾಕಿ ತುಂಬಿಸಲ್ಲ. ಮೊದಲು ಪೈಪ್ ಎಲ್ಲಿ ಒಡೆದಿದೆ ನೋಡುತ್ತಾರೆ. ನೀರಿಗೆ ಇರುವ ಕಾಳಜಿ ಬ್ರೇಕಿಗೆ ಬೇಡವಾ?

ಆಯಿಲ್ ಮಟ್ಟ ನೋಡುವುದು ಹೇಗೆ ಅಂತ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಲಿ. ಎಂಜಿನ್ ತಣ್ಣಗಿರಲಿ. ಬಾನೆಟ್ ಎತ್ತಿ. ನಮ್ಮ ದೇಶದ ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬದಿಯಲ್ಲಿ, ಗಾಜಿನ ಹತ್ತಿರ, ಬೆಳಕು ಹಾಯುವಂಥ ಬಿಳಿ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಮೇಲೆ 'ಮ್ಯಾಕ್ಸ್', ಕೆಳಗೆ 'ಮಿನ್' ಅಂತ ಗೆರೆ. ಆಯಿಲ್ ಮಟ್ಟ ಆ ಎರಡರ ನಡುವೆ ಇರಬೇಕು. ನೋಡಲು ಮುಚ್ಚಳ ಬಿಚ್ಚಬೇಡಿ, ಹೊರಗಿನಿಂದಲೇ ಕಾಣುತ್ತದೆ. ಬಿಚ್ಚಲೇಬೇಕು ಅಂದರೆ ಮೊದಲು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯ ಬಾನೆಟ್ ಒಳಗೆ ಎಷ್ಟು ಕೆಂಪು ಧೂಳು ಕೂತಿರುತ್ತದೆ ಅಂತ ನಿಮಗೇ ಗೊತ್ತು. ಆ ಅದಿರಿನ ಪುಡಿ ಡಬ್ಬಿಯೊಳಗೆ ಬಿದ್ದರೆ ರಬ್ಬರ್ ಸೀಲನ್ನೇ ತಿನ್ನುತ್ತದೆ.

ಇನ್ನೊಂದು. ಗಾಡಿಯ ಬಾಡಿ ಮೇಲೆ ಬ್ರೇಕ್ ಆಯಿಲ್ ಒಂದು ಹನಿ ಬಿದ್ದರೂ ತಕ್ಷಣ ನೀರು ಸುರಿದು ತೊಳೆಯಿರಿ. ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಮಟ್ಟ ಇಳಿದಿದೆ ಅನ್ನಿ. ಅದಕ್ಕೆ ಮುಖ್ಯವಾಗಿ ಎರಡೇ ಕಾರಣ. ಒಂದು, ಪ್ಯಾಡ್ ಸವೆದಿದೆ. ಪ್ಯಾಡ್ ತೆಳ್ಳಗಾದಷ್ಟೂ ಅದನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಗೆ ಬರುತ್ತದೆ. ಅದು ಬಿಟ್ಟ ಜಾಗವನ್ನು ಆಯಿಲ್ ತುಂಬುತ್ತದೆ. ಹಾಗಾಗಿ ಮೇಲಿನ ಡಬ್ಬಿಯಲ್ಲಿ ನಿಧಾನವಾಗಿ, ತಿಂಗಳುಗಟ್ಟಲೆ ಕಾಲದಲ್ಲಿ ಮಟ್ಟ ಇಳಿಯುತ್ತದೆ. ಇಲ್ಲಿ ಆಯಿಲ್ ಕಳೆದುಹೋಗಿಲ್ಲ, ಚಕ್ರದ ಹತ್ತಿರವೇ ಕೂತಿದೆ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಒಳಗೆ ತಳ್ಳುತ್ತಾರೆ, ಮಟ್ಟ ತಾನೇ ಮೇಲೆ ಬರುತ್ತದೆ. ನೀವು ನಡುವೆ ಮ್ಯಾಕ್ಸ್ ತನಕ ತುಂಬಿಸಿಟ್ಟಿದ್ದರೆ ಅವತ್ತು ಉಕ್ಕಿ ಹೊರಗೆ ಚೆಲ್ಲುತ್ತದೆ. ಅಂದರೆ ದುಡ್ಡು ಕೊಟ್ಟು ಬಣ್ಣ ಕೆಡಿಸಿಕೊಂಡಿರಿ. ಅದಕ್ಕಿಂತ ಕೆಟ್ಟದ್ದು, ಪ್ಯಾಡ್ ಮುಗಿದಿದೆ ಅಂತ ಆ ಡಬ್ಬಿ ಹೇಳುತ್ತಿತ್ತು, ನೀವು ಅದರ ಬಾಯಿ ಮುಚ್ಚಿದಿರಿ.

ಎರಡನೆಯದು ಲೀಕು. ಇದನ್ನು ಹುಡುಕಲು ಟಾರ್ಚ್ ಸಾಕು. ನಮ್ಮ ಬಳ್ಳಾರಿಯವರಿಗೆ ಇದು ಇನ್ನೂ ಸುಲಭ, ಯಾಕೆ ಅಂತ ಕೇಳಿ, ನಮ್ಮ ಕೆಂಪು ಧೂಳೇ ಸೋರಿದ ಜಾಗ ತೋರಿಸುತ್ತದೆ. ಗಾಂಧಿನಗರದಲ್ಲಿ ನಮ್ಮ ಪಕ್ಕದ ಮನೆಯವರ ಕಾರು, ಮೇಲಿಂದ ಮೇಲೆ ಆಯಿಲ್ ಇಳಿಯುತ್ತಿತ್ತು. ನೆಲದ ಮೇಲೆ ಒಂದು ಹನಿ ಇಲ್ಲ. ಹಿಂದಿನ ಚಕ್ರದ ಒಳಮೈಗೆ ಟಾರ್ಚ್ ಬಿಟ್ಟು ನೋಡಿದೆ. ಬಲಗಡೆ ಡ್ರಮ್ಮಿನ ಹಿಂದಿನ ಪ್ಲೇಟ್ ಮೇಲೆ ಕೆಂಪು ಧೂಳು ಒಣಗಿ, ಬೆರಳು ತಾಗಿಸಿದರೆ ಉದುರುತ್ತಿತ್ತು. ಎಡಗಡೆ ಅದೇ ಧೂಳು ಹಸಿಯಾಗಿ, ಕಪ್ಪು-ಕೆಂಪು ಕೆಸರಾಗಿ, ಪ್ಲೇಟಿನ ಕೆಳ ಅಂಚಿನ ತನಕ ನಾಲಿಗೆಯ ಹಾಗೆ ಇಳಿದಿತ್ತು. ಟಯರಿನ ಒಳಬದಿಗೂ ಒಂದು ಒದ್ದೆ ಪಟ್ಟಿ. ಡ್ರಮ್ಮಿನೊಳಗೆ ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಹೋಗಿತ್ತು. ಆಯಿಲ್ ಶೂ ಲೈನರ್ ಮೇಲೆ ಸೋರಿ, ಆ ಚಕ್ರದ ಬ್ರೇಕೇ ಹಿಡಿಯುತ್ತಿರಲಿಲ್ಲ. ಅವರು ಸುರಿಯುತ್ತಲೇ ಇದ್ದರಲ್ಲ, ಡಬ್ಬಿಯಲ್ಲಿ ಮಾತ್ರ ಆಯಿಲ್ ಫುಲ್! ಮೇಲಿನಿಂದ ನೋಡಿದರೆ ಎಲ್ಲಾ ಸರಿಯಾಗಿದೆ ಅಂತಲೇ ಅನಿಸುತ್ತದೆ.

ಅದಕ್ಕೇ ಹೇಳುವುದು, ಎಲ್ಲಿ ಹೋಯ್ತು ಅಂತ ಕೇಳಿ. ನಾಲ್ಕೂ ಚಕ್ರದ ಒಳಮೈ ನೋಡಿ. ರಬ್ಬರ್ ಪೈಪುಗಳಲ್ಲಿ ಬಿರುಕು ಇದೆಯಾ ನೋಡಿ. ಬ್ರೇಕ್ ಪೆಡಲ್ ಮೇಲ್ಭಾಗದಲ್ಲಿ, ಕಾಲ ಕೆಳಗಿನ ಮ್ಯಾಟಿನ ಹತ್ತಿರ ಒದ್ದೆ ಇದೆಯಾ ಮುಟ್ಟಿ ನೋಡಿ. ಕೆಲವು ಗಾಡಿಗಳಲ್ಲಿ ಕ್ಲಚ್ಚಿಗೂ ಇದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ, ಅಲ್ಲೂ ಸೋರಬಹುದು. ಎಲ್ಲೂ ಹನಿ ಕಾಣದಿದ್ದರೆ ಇನ್ನೂ ಹುಷಾರು. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ಆಯಿಲ್ ನೇರ ಬೂಸ್ಟರ್, ಅಂದರೆ ಪೆಡಲಿನ ಬಲ ಹೆಚ್ಚಿಸುವ ಡಬ್ಬದ ಒಳಗೆ ಇಳಿಯುತ್ತದೆ, ಹೊರಗೆ ಒಂದು ತೊಟ್ಟೂ ಬರಲ್ಲ.

ಅಂದಹಾಗೆ, ಸಬ್‌ಸ್ಕ್ರೈಬ್ ಮಾಡದೆ ನೋಡುತ್ತಿರುವವರು ಜಾಸ್ತಿ ಇದ್ದೀರಿ. ಒತ್ತಿಬಿಡಿ. ಟಯರ್ ಗಾಳಿ ಬಗ್ಗೆ ಮಾಡಿದ ವಿಡಿಯೋ ನೋಡಿಲ್ಲದಿದ್ದರೆ ಅದನ್ನೂ ನೋಡಿ, ಬಹಳ ಕಷ್ಟಪಟ್ಟು ಮಾಡಿದ್ದೇವೆ.

ಈಗ ವಾದ ಮಾಡುವವರ ಕಡೆ ಬರೋಣ. ಒಬ್ಬರು ಹೇಳುತ್ತಾರೆ, "ಬಳ್ಳಾರಿ ಬಿಸಿಲಿಗೆ ಆವಿ ಆಗುತ್ತದೆ ಅಣ್ಣ." ಅಲ್ಲಪ್ಪಾ! ಡಾಟ್ ಅಂದರೆ ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ಡಾಟ್ 4 ಕುದಿಯಲು 230. ನಮ್ಮ ಮೇ ತಿಂಗಳ ಬಿಸಿಲು 42-43 ಡಿಗ್ರಿ. ಬಿಸಿಲಿಗೆ ನಾವು ಆವಿಯಾಗಬಹುದು, ಬ್ರೇಕ್ ಆಯಿಲ್ ಆಗಲ್ಲ. ಅದು ಮಾಡುವುದು ಉಲ್ಟಾ ಕೆಲಸ, ಗಾಳಿಯಲ್ಲಿರುವ ತೇವ ಹೀರುತ್ತದೆ. ನೀರು 3.7 ಪರ್ಸೆಂಟ್ ಸೇರಿದಾಗ ಡಾಟ್ 4 ಕುದಿಯುವ ಮಟ್ಟ 155ಕ್ಕೆ ಇಳಿಯಬಹುದು, ಡಾಟ್ 3 ಆದರೆ 140ಕ್ಕೆ. ಸಂಡೂರಿನ ಗುಡ್ಡದಿಂದ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕಿನ ಕಾವು ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಒಳಗೆ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಅದಕ್ಕೇ ಬಹಳ ಗಾಡಿಗಳಲ್ಲಿ 2 ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ ಅಂತ ಹೇಳುವುದು. ಹಳೇ ಕಂದು ಆಯಿಲ್ ಮೇಲೆ ಹೊಸದು ಸುರಿದರೆ ಒಳಗಿನ ನೀರು ಎಲ್ಲಿಗೂ ಹೋಗಲ್ಲ. ಹೋದ ವರ್ಷ ತೆರೆದಿಟ್ಟ ಡಬ್ಬಿಯಿಂದ ಸುರಿದರಂತೂ ನೀವೇ ನೀರು ಹಾಕಿದ ಹಾಗೆ.

ಇನ್ನೊಬ್ಬರು, "ಬ್ರೇಕ್ ಆಯಿಲಿಗೆ ಎರಡು ಲೈನ್ ಇರುತ್ತದೆ, ಒಂದು ಹೋದರೂ ಇನ್ನೊಂದು ಹಿಡಿಯುತ್ತದೆ." ಹೌದು, ಅರ್ಧ ಬ್ರೇಕ್ ಉಳಿಯುತ್ತದೆ. ತೋರಣಗಲ್ಲು ರಸ್ತೆಯಲ್ಲಿ ಮುಂದಿನ ಅದಿರು ಲಾರಿ ಗಕ್ಕನೆ ನಿಂತಾಗ ಅರ್ಧ ಬ್ರೇಕ್ ಸಾಕಾ? ಹಿಂದಿನ ಸೀಟಿನಲ್ಲಿ ಹೆಂಡತಿ ಮಕ್ಕಳು ಕೂತಿರುತ್ತಾರೆ ರೀ!

"ನಮ್ಮ ಮೆಕ್ಯಾನಿಕ್ಕೇ ಹಾಕಿಕೊಟ್ಟ" ಅನ್ನುವವರಿಗೆ, ಎಲ್ಲಿ ಹೋಯ್ತು ಅಂತ ಅವನನ್ನು ಕೇಳಿದಿರಾ? ಕೇಳಿ. ಉತ್ತರ ಕೊಡದಿದ್ದರೆ ಬೇರೆ ಮೆಕ್ಯಾನಿಕ್ ಹುಡುಕಿ. ರಾಯಚೂರು, ಕೊಪ್ಪಳ, ಹೊಸಪೇಟೆ ಎಲ್ಲಾ ಕಡೆ ಒಳ್ಳೆಯವರಿದ್ದಾರೆ.

ಹಾಗಾದರೆ ಹಾಕಲೇಬಾರದಾ? ಹಾಕಿ. ಕಾರಣ ಹುಡುಕಿ, ರಿಪೇರಿ ಮಾಡಿಸಿದ ಮೇಲೆ ಹಾಕಿ. ಮುಚ್ಚಳದ ಮೇಲೆ ಯಾವ ಡಾಟ್ ಬರೆದಿದೆಯೋ ಅದೇ, ಸೀಲ್ ಒಡೆಯದ ಡಬ್ಬಿ. ಡಾಟ್ 5 ಬೇಡ, ಅದು ಸಿಲಿಕೋನ್, ನಮ್ಮ ಗಾಡಿಗಳ ಆಯಿಲ್ ಜೊತೆ ಸೇರಲ್ಲ. ಎಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್ ದೇವರಾಣೆ ಬೇಡ, ರಬ್ಬರೆಲ್ಲ ಊದಿಕೊಂಡು ಪೂರ್ತಿ ಬ್ರೇಕ್ ಹೋಗುತ್ತದೆ. ಡಬ್ಬಿ ಮೇಲೆ ಮಾರ್ಕರಿನಲ್ಲಿ ಇವತ್ತಿನ ಮಟ್ಟಕ್ಕೆ ಗೆರೆ ಎಳೆದು ತಾರೀಖು ಬರೆಯಿರಿ. ವಾರದಲ್ಲಿ ಗೆರೆಯಿಂದ ಕೆಳಗೆ ಇಳಿದರೆ ಗಾಡಿ ಹೊರಗೆ ತೆಗೆಯಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಕೆಂಪು ಲೈಟ್ ಉರಿಯುತ್ತಿದ್ದರೂ ಅಷ್ಟೇ.

ಇಷ್ಟು ಹೇಳಿದ ಮೇಲೂ "ಸುರಿದರೆ ಮುಗೀತು" ಅಂತ ಯಾರಾದರೂ ಬರೆದರೆ, ನಾನು ಕೆಳಗೆ ಅದೇ ಕೇಳುತ್ತೇನೆ. ಎಲ್ಲಿ ಹೋಯ್ತು? ನೂರು ಸಲ ಬರೆದರೆ ನೂರು ಸಲ ಕೇಳುತ್ತೇನೆ. ಬೇಜಾರಾದರೆ ಆಗಲಿ. ಎಲ್ಲಿ ಹೋಯ್ತು?

ಭಾನುವಾರ ಬೆಳಿಗ್ಗೆ ಲೈವ್ ಇದೆ, ಒಗ್ಗರಣೆ ಮಿರ್ಚಿ ಮುಗಿಸಿಕೊಂಡು ಬನ್ನಿ. ಮ್ಯಾಕ್ಸ್ ಗೆರೆ ತನಕ ತುಂಬಿದ ಡಬ್ಬಿಯ ಫೋಟೋ ನನಗೆ ಬೇಡ. ನಾಲ್ಕೂ ಚಕ್ರದ ಒಳಮೈ ಫೋಟೋ ತೆಗೆದು ಕಳಿಸಿ, ಟಾರ್ಚ್ ಹಾಕಿ ತೆಗೆಯಿರಿ, ಒಂದೊಂದಾಗಿ ನೋಡಿ ಹೇಳುತ್ತೇನೆ.