ರಾಬರ್ಟ್ ಗಿಸ್ಕಾರ್ಡ್ ಮತ್ತು ಅಲ್ಬೆರಾದಾಳ ಮಗ

ನಾರ್ಮನ್ ಅಂದ ತಕ್ಷಣ 1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂ ನೆನಪಾಗುತ್ತಾನೆ, ಅಲ್ವಾ? ಅವನು ಹುಟ್ಟಿದ್ದೇ ಡ್ಯೂಕ್‌ನ ಮಗನಾಗಿ. ನಾನು ಇವತ್ತು ಹೇಳುವ ರಾಬರ್ಟ್‌ಗೆ ಅಂಥ ಭಾಗ್ಯ ಇರಲಿಲ್ಲ. ಅವನ ಅಪ್ಪ ಟ್ಯಾಂಕ್ರೆಡ್, ಉತ್ತರ ಫ್ರಾನ್ಸಿನ ನಾರ್ಮಂಡಿಯ ಓತ್ವಿಲ್ ಅನ್ನೋ ಹಳ್ಳಿಯ ಸಣ್ಣ ಜಹಗೀರುದಾರ. ಮೊದಲ ಹೆಂಡತಿಗೆ ಐದು ಗಂಡುಮಕ್ಕಳು, ಅವಳು ತೀರಿಕೊಂಡ ಮೇಲೆ ಬಂದ ಫ್ರೆಸೆಂಡಾಗೆ ಏಳು. ಒಟ್ಟು 12 ಜನ, ಇದ್ದದ್ದು ತುಂಡು ಜಮೀನು. ಊರಲ್ಲಿ ಹಿರಿಯರು ಸತ್ತ ಮನೆಗಳಲ್ಲಿ ಮಕ್ಕಳು ಆಸ್ತಿಗಾಗಿ ಹೊಡೆದಾಡುವುದನ್ನು ನೋಡಿ, ನಮಗೆ ಆ ಗತಿ ಬೇಡ ಅಂತ ಇವರು ಮನೆ ಬಿಟ್ಟರು ಎಂದು ಆ ಕಾಲದ ಸನ್ಯಾಸಿಯೊಬ್ಬ ಬರೆದಿಟ್ಟಿದ್ದಾನೆ. ಈ ಮಾತು ನೆನಪಿರಲಿ.

ಎಲ್ಲರೂ ಅಲ್ಲ, ಆದರೆ ಬಹುತೇಕರು ದಕ್ಷಿಣ ಇಟಲಿಗೆ ಹೋದರು, ಕೂಲಿ ಸೈನಿಕರಾಗಿ. ದೊಡ್ಡಣ್ಣ ವಿಲಿಯಂ 1042ರಲ್ಲಿ ಅಪುಲಿಯಾದ ಕೌಂಟ್ ಆದ. ಅವನ ನಂತರ ತಮ್ಮ ಡ್ರೋಗೊ, ಆಮೇಲೆ ಇನ್ನೊಬ್ಬ ತಮ್ಮ ಹಂಫ್ರಿ. ಫ್ರೆಸೆಂಡಾಳ ಹಿರಿಮಗ ರಾಬರ್ಟ್ ತಡವಾಗಿ ಬಂದ, ಮಲಅಣ್ಣಂದಿರು ಅವನನ್ನು ಬಡ ಕಲಾಬ್ರಿಯಾಗೆ ಕಳಿಸಿದರು. ಅಲ್ಲಿ ಅವನು ಬದುಕಿದ್ದು ದನ ಕದ್ದು, ಜನರನ್ನು ಹಿಡಿದು ಒತ್ತೆಹಣ ಕೇಳಿ. ಗಿಸ್ಕಾರ್ಡ್, ಅಂದರೆ ಚಾಲಾಕಿ, ಅನ್ನೋ ಅಡ್ಡಹೆಸರನ್ನು ನಾವು ಮೆಚ್ಚಿ ಹೇಳುತ್ತೇವೆ. ಆ ರೈತರ ಗೋಳನ್ನು ಕೇಳಿದವರು ಯಾರು?

ಅವನ ಅದೃಷ್ಟ ತಿರುಗಿದ್ದು ಮದುವೆಯಿಂದ. ಅಲ್ಬೆರಾದಾಳ ಮನೆಯವರು ಅವಳನ್ನು ಕೊಟ್ಟು, ಜೊತೆಗೆ 200 ಕುದುರೆ ಸವಾರರನ್ನೂ ಕಳಿಸಿದರು. ಅವರಿಗೆ ಹುಟ್ಟಿದ ಮಗನೇ ಬೊಹೆಮಂಡ್. 1053ರಲ್ಲಿ ಚಿವಿತಾತೆಯಲ್ಲಿ ಅಣ್ಣತಮ್ಮಂದಿರು ಸೇರಿ ಪೋಪ್‌ನ ಸೈನ್ಯವನ್ನೇ ಸೋಲಿಸಿದರು. 1057ರಲ್ಲಿ ಹಂಫ್ರಿ ಸತ್ತಾಗ ಅವನ ಪುಟ್ಟ ಮಗ ಅಬೆಲಾರ್ಡ್‌ಗೆ ಸೇರಬೇಕಾದದ್ದನ್ನು ರಾಬರ್ಟ್ ತಾನೇ ಇಟ್ಟುಕೊಂಡ. ಮರುವರ್ಷ, ನಾವಿಬ್ಬರೂ ಹತ್ತಿರದ ರಕ್ತಸಂಬಂಧಿಗಳು, ಈ ಮದುವೆ ನಡೆಯುವುದಿಲ್ಲ ಅಂತ ಅಲ್ಬೆರಾದಾಳನ್ನು ಬಿಟ್ಟು, ಸಲೆರ್ನೋದ ರಾಜಕುಮಾರಿ ಸಿಕೆಲ್ಗೈತಾಳನ್ನು ಮದುವೆಯಾದ. 200 ಸವಾರರನ್ನು ಪಡೆಯುವಾಗ ಆ ಸಂಬಂಧ ಕಾಣಲಿಲ್ಲವೇ? ನನಗಂತೂ ಇದು ದೊಡ್ಡ ಅನ್ಯಾಯ.

ಮುಂದಿನದು ಗೆಲುವಿನ ಮೇಲೆ ಗೆಲುವು. 1059ರಲ್ಲಿ ಪೋಪ್ ಅವನನ್ನು ಡ್ಯೂಕ್ ಮಾಡಿದ. 1071ರಲ್ಲಿ ಬಾರಿ ನಗರ, 1072ರಲ್ಲಿ ತಮ್ಮ ರೋಜರ್ ಜೊತೆ ಸಿಸಿಲಿಯ ಪಲೆರ್ಮೋ ಗೆದ್ದ. ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಮೇಲೆ ದಂಡೆತ್ತಿ ಹೋಗಿದ್ದಾಗ 1085ರ ಜುಲೈ 17ರಂದು ಕೆಫಲೋನಿಯಾ ದ್ವೀಪದಲ್ಲಿ ಜ್ವರದಿಂದ ಸತ್ತ.

ಪಟ್ಟ ಸಿಕ್ಕಿದ್ದು ಸಿಕೆಲ್ಗೈತಾಳ ಮಗ ರೋಜರ್ ಬೋರ್ಸಾಗೆ. ಅಪ್ಪನ ಜೊತೆ ನಿಂತು ಯುದ್ಧ ಮಾಡಿದ ಹಿರಿಮಗನಿಗಲ್ಲ. ಬೊಹೆಮಂಡ್ ತಮ್ಮನ ಮೇಲೆ ಕತ್ತಿ ಹಿಡಿದ, ದಕ್ಷಿಣ ಇಟಲಿಯ ತರಂತೋ ಪಡೆದ, ಕೊನೆಗೆ ಕ್ರುಸೇಡ್‌ಗೆ, ಅಂದರೆ ಜೆರುಸಲೇಮಿಗಾಗಿ ನಡೆದ ಧರ್ಮಯುದ್ಧಕ್ಕೆ ಹೊರಟು 1098ರಲ್ಲಿ ದೂರದ ಸಿರಿಯಾದ ಅಂತಿಯೋಕ್ಯಕ್ಕೆ ಒಡೆಯನಾದ. ಆಸ್ತಿ ಜಗಳ ಬೇಡ ಅಂತ ಮನೆ ಬಿಟ್ಟವರ ಮನೆಯ ಕಥೆ ಇದು.

ಈಗ ಕಾಣುತ್ತಿರುವುದು ದಕ್ಷಿಣ ಇಟಲಿಯ ವೆನೋಸಾದ ಮಠ. ರಾಬರ್ಟ್ ಮತ್ತು ಅಣ್ಣಂದಿರ ಮೂಳೆಗಳನ್ನು ಒಂದೇ ಗೋರಿಯಲ್ಲಿ ಸೇರಿಸಿಟ್ಟಿದ್ದಾರೆ. ಅಲ್ಬೆರಾದಾಳದ್ದು ಮಾತ್ರ ಬೇರೆ. ಗಿಸ್ಕಾರ್ಡ್‌ನ ಹೆಂಡತಿ ಇಲ್ಲಿದ್ದಾಳೆ, ಮಗನನ್ನು ಹುಡುಕುವವರು ಕನೋಸಾಗೆ ಹೋಗಿ ಅಂತ ಅದರ ಮೇಲೆ ಕೆತ್ತಿದ್ದಾರೆ. ಗಂಡ ಬಿಟ್ಟವಳನ್ನು ಕಲ್ಲು ಹೆಂಡತಿ ಅಂತಲೇ ಕರೆಯುತ್ತಿದೆ.

ಬೋರ್ಸಾನ ಮಗ 1127ರಲ್ಲಿ ಮಕ್ಕಳಿಲ್ಲದೆ ಸತ್ತ. ಎಲ್ಲವೂ ಹೋಗಿದ್ದು ರಾಬರ್ಟ್‌ನ ಕಿರಿಯ ತಮ್ಮ ರೋಜರ್‌ನ ಮಗನಿಗೆ. 1130ರ ಕ್ರಿಸ್‌ಮಸ್ ದಿನ ಪಲೆರ್ಮೋದಲ್ಲಿ ಅವನು ಎರಡನೇ ರೋಜರ್ ಆಗಿ ಸಿಸಿಲಿಯ ರಾಜನಾದ. ಅವನ ಮಗಳು ಕಾನ್‌ಸ್ಟೆನ್ಸ್ ಹೆತ್ತ ಮಗನೇ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಎರಡನೇ ಫ್ರೆಡರಿಕ್.