ಹೊಸ ಟೈರು ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ

ಕೇಳುಗರೇ, ನಮಸ್ಕಾರ.

ಮೂರು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ನಾನೂ ನನ್ನ ಹೆಂಡತಿಯೂ ಚಿಕ್ಕಮಗಳೂರಿನಿಂದ ಉಜಿರೆಗೆ ಹೊರಟಿದ್ದೆವು. ಚಾರ್ಮಾಡಿ ಘಾಟಿಯಲ್ಲಿ ಅರ್ಧ ಇಳಿದಿದ್ದೆವು. ಮಳೆ ಎಂದರೆ ಅಂಥಿಂಥ ಮಳೆಯಲ್ಲ. ವೈಪರ್ ಎಷ್ಟು ಜೋರಾಗಿ ಆಡಿದರೂ ರಸ್ತೆ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಹಿಂದಿನ ಎಡಗಡೆ ಚಕ್ರ ಪಂಚರ್ ಆಯಿತು.

ಟೈರು ಹೊಸದು. ಹಾಕಿಸಿ ಇಪ್ಪತ್ತು ದಿನವೂ ಆಗಿರಲಿಲ್ಲ. ಮೊಳೆ ಚುಚ್ಚಿಕೊಂಡಿತ್ತು, ಅದಕ್ಕೆ ಟೈರು ಏನು ಮಾಡೀತು? ಸ್ಟೆಪ್ನಿ ಇತ್ತು, ಜಾಕ್ ಇತ್ತು, ಪಾನಾ ಇತ್ತು. ಹತ್ತು ನಿಮಿಷದ ಕೆಲಸ ಎಂದುಕೊಂಡು ಇಳಿದೆ. ಆದರೆ ಒಂದು ನಟ್ಟೂ ಅಲುಗಲಿಲ್ಲ. ಎರಡೂ ಕೈ ಹಾಕಿ ಒತ್ತಿದೆ. ಪಾನಾದ ಮೇಲೆ ಹತ್ತಿ ನಿಂತೆ. ಪಾನಾ ಜಾರಿತು, ನಟ್ಟಿನ ಮೂಲೆ ಸವೆಯಿತು, ನನ್ನ ಮೊಣಕಾಲು ಹೋಗಿ ರಸ್ತೆಗೆ ಬಡಿಯಿತು. ಅರ್ಧ ಗಂಟೆ ಕಳೆದ ಮೇಲೆ ಅಡಿಕೆ ಮೂಟೆ ತುಂಬಿಕೊಂಡು ಬಂದ ಒಂದು ಪಿಕಪ್ ನಿಂತಿತು. ಅದರ ಡ್ರೈವರು ಉದ್ದದ ಕಬ್ಬಿಣದ ಪೈಪೊಂದನ್ನು ತಂದು ಪಾನಾದ ಹಿಡಿಗೆ ಸಿಕ್ಕಿಸಿ ಒತ್ತಿದರು. ನಟ್ಟು ಕಿರ್ರೆಂದು ಕಿರುಚಿ ಬಿಟ್ಟುಕೊಂಡಿತು. ಅವರ ಹೆಸರು ಕೇಳಿಕೊಳ್ಳಲಿಲ್ಲ. ಆ ಬೇಜಾರು ಈಗಲೂ ಇದೆ.

ಉಜಿರೆಯಲ್ಲಿ ನನ್ನ ಹೆಂಡತಿಯ ಸೋದರಮಾವ ಇದ್ದಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಬೆಳಿಗ್ಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ನಾಲ್ಕೂ ಚಕ್ರ ನೋಡಿದರು. "ಗಾಳಿ ಗನ್ನಿನಲ್ಲಿ ನಟ್ಟು ಬಿಗಿ ಮಾಡಿ ಹಾಗೇ ಬಿಟ್ಟಿದ್ದಾರೆ ಮಾರಾಯ. ನೀನು ಪಕ್ಕದಲ್ಲಿ ಇರಲಿಲ್ವಾ?" ಎಂದು ಕೇಳಿದರು. ನಾನು ಇರಲಿಲ್ಲ. ಅಂಗಡಿಯ ಫ್ಯಾನಿನ ಕೆಳಗೆ ಕೂತು ಪೇಪರ್ ಓದುತ್ತಿದ್ದೆ. ಯಾವ ಕಂಪನಿಯ ಟೈರು, ಎಷ್ಟು ರಿಯಾಯಿತಿ ಎಂದು ನಾಲ್ಕು ದಿನ ವಿಚಾರಿಸಿದವನು, ಅದನ್ನು ಹಾಕುವ ಮುಕ್ಕಾಲು ಗಂಟೆ ನೋಡುತ್ತಾ ನಿಲ್ಲಲಿಲ್ಲ. ಇವತ್ತು ಆ ಮುಕ್ಕಾಲು ಗಂಟೆಯ ಬಗ್ಗೆಯೇ ಹೆಚ್ಚು ಮಾತಾಡಬೇಕು ಅಂತ ಬಂದಿದ್ದೇನೆ.

ಮೊದಲು ಕೊಳ್ಳುವ ವಿಷಯ. ಟೈರು ಬದಲಿಸುವ ಕಾಲ ಬಂತು ಅಂತ ತಿಳಿಯುವುದು ಹೇಗೆ? ಟೈರಿನ ಮೈಮೇಲೆ ನೀರು ಹರಿದುಹೋಗಲು ಉದ್ದುದ್ದ ಕಾಲುವೆಗಳಿರುತ್ತವೆ. ಅವುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬ ಇರುತ್ತದೆ. ಅದರ ಎತ್ತರ 1.6 ಮಿಲಿಮೀಟರ್. ಟೈರು ಸವೆದು ಆ ದಿಬ್ಬಕ್ಕೆ ಸಮವಾಯಿತು ಎಂದರೆ ಅದರ ಆಯುಸ್ಸು ಮುಗಿಯಿತು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಓಡಾಡುವವರು ಅಲ್ಲಿಯವರೆಗೆ ಕಾಯಬೇಡಿ ಎನ್ನುತ್ತೇನೆ ನಾನು. ಕಾಲುವೆ ಆಳವಿಲ್ಲದಿದ್ದರೆ ನೀರು ಹೊರಹೋಗಲು ದಾರಿ ಸಿಗುವುದಿಲ್ಲ. ಟೈರು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕು, ಸ್ಟೇರಿಂಗು ಎರಡೂ ಕೇಳುವುದಿಲ್ಲ. ಒಂದೊಂದು ಟೈರು ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಿಮೆ ನಮ್ಮ ಅಂಗೈ ಅಗಲದಷ್ಟು ಜಾಗದಲ್ಲಿ ಮಾತ್ರ. ಇಡೀ ಕಾರು, ಅದರೊಳಗಿನ ಮಕ್ಕಳುಮರಿ ಎಲ್ಲವೂ ಆ ನಾಲ್ಕು ಅಂಗೈಗಳ ಮೇಲೆ ನಿಂತಿರುತ್ತವೆ.

ಟೈರಿನ ಬದಿಯಲ್ಲಿ ಬರೆದದ್ದನ್ನು ಓದಲು ಕಲಿಯಿರಿ. ಕಷ್ಟವೇನಿಲ್ಲ. 185/65 ಆರ್ 15 88 ಎಚ್ ಎಂದಿದೆ ಅಂದುಕೊಳ್ಳಿ. 185 ಎಂದರೆ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಟೈರಿನ ಬದಿಯ ಎತ್ತರ ಆ ಅಗಲದ ನೂರಕ್ಕೆ 65ರಷ್ಟು. ಆರ್ ಎಂದರೆ ರೇಡಿಯಲ್, ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಹಾಯ್ದ ಬಗೆ. 15 ಎಂದರೆ ರಿಮ್ಮಿನ ಇಂಚು. 88 ಎನ್ನುವುದು ಭಾರದ ಗುರುತು, ಒಂದು ಟೈರು 560 ಕಿಲೋ ಹೊರಬಲ್ಲದು. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ತಡೆಯುತ್ತದೆ. ನೋಡಲು ಚೆಂದ ಎಂದು ಅಗಲದ ಟೈರು ಹಾಕಿಸುವವರಿದ್ದಾರೆ. ಕಾರು ತಯಾರಿಸಿದವರು ಹೇಳಿದ ಅಳತೆ ಬಿಟ್ಟು ಆಚೆ ಈಚೆ ಹೋಗಬೇಡಿ. ಭಾರದ ಗುರುತು ಇರಬೇಕಾದ್ದಕ್ಕಿಂತ ಕಡಿಮೆ ಇರುವ ಟೈರನ್ನಂತೂ ಮುಟ್ಟಲೇಬೇಡಿ.

ಇನ್ನೊಂದು ಗುರುತು ಇದೆ, ತಯಾರಾದ ವಾರ ಮತ್ತು ವರ್ಷ. ಡಿ.ಒ.ಟಿ. ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಎಂದಿದ್ದರೆ 2024ರ 23ನೇ ವಾರ. ಈ ನಾಲ್ಕು ಅಂಕಿ ಎಷ್ಟೋ ಟೈರುಗಳಲ್ಲಿ ಒಂದು ಬದಿಯಲ್ಲಿ ಮಾತ್ರ ಇರುತ್ತದೆ. ಆ ಬದಿ ಒಳಗಡೆ ಹೋಯಿತೋ, ಆಮೇಲೆ ಕಾರಿನ ಕೆಳಗೆ ಮಲಗಿ ನೋಡಬೇಕು. ಹಾಗಾಗಿ ರಿಮ್ಮಿಗೆ ಏರಿಸುವ ಮೊದಲೇ ನಾಲ್ಕನ್ನೂ ಉರುಳಿಸಿ ನೋಡಿಬಿಡಿ. ಆರು ತಿಂಗಳೊಳಗಿನ ಮಾಲು ಸಿಕ್ಕರೆ ಸಂತೋಷ. ವರ್ಷ ದಾಟಿದ್ದಾದರೆ ನಾನು ಬೇರೆ ಕೊಡಿ ಅನ್ನುತ್ತೇನೆ. ರಬ್ಬರು ಓಡದೆ ಸುಮ್ನೆ ಕೂತರೂ ಹಳತಾಗುತ್ತದೆ.

ಎರಡೇ ಟೈರು ಕೊಳ್ಳುವಷ್ಟು ದುಡ್ಡು ಕೈಯಲ್ಲಿದೆ ಎನ್ನಿ. ಹೊಸದನ್ನು ಎಲ್ಲಿ ಹಾಕಿಸುವುದು? ಮುಂದಕ್ಕೆ ಎಂದು ಎಷ್ಟೋ ಜನ ಹೇಳುತ್ತಾರೆ. ಎಂಜಿನ್ ಎಳೆಯುವುದು ಮುಂದಿನ ಚಕ್ರವನ್ನಲ್ವಾ ಎಂಬ ಲೆಕ್ಕ ಅವರದು. ಆದರೆ ಒದ್ದೆ ತಿರುವಿನಲ್ಲಿ ಏನಾಗುತ್ತದೆ ಯೋಚಿಸಿ. ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರಕ್ಕೆ ಹೋಗುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ವೇಗ ಇಳಿದು ಮತ್ತೆ ಹಿಡಿತ ಸಿಗುವ ಸಾಧ್ಯತೆ ಇದೆ. ಹಿಂದಿನ ಚಕ್ರ ಜಾರಿದರೆ ಕಾರಿನ ಬಾಲವೇ ಹೊರಗೆ ಬೀಸುತ್ತದೆ, ಬುಗುರಿಯಂತೆ ಸುತ್ತುತ್ತದೆ. ನಮ್ಮಂಥ ಸಾಮಾನ್ಯ ಚಾಲಕರ ಕೈಗೆ ಆಮೇಲೆ ಅದು ಸಿಗುವುದಿಲ್ಲ. ಹೊಸ ಜೋಡಿ ಹಿಂದಕ್ಕೆ, ಹಳೆಯದರಲ್ಲಿ ಚೆನ್ನಾಗಿರುವುದು ಮುಂದಕ್ಕೆ.

ಇನ್ನು ಅಂಗಡಿಯ ಒಳಗೆ ಹೋಗೋಣ. ಹಳೆ ಟೈರು ಬಿಚ್ಚಿದ ಕೂಡಲೇ ರಿಮ್ ನೋಡಿ. ಟೈರಿನ ಅಂಚು ಕೂರುವ ಜಾಗದಲ್ಲಿ ತುಕ್ಕೋ ಹಳೆ ರಬ್ಬರಿನ ಚೂರೋ ಇದ್ದರೆ ಬ್ರಷ್ ಹಾಕಿ ಉಜ್ಜಿಸಿ. ಇಲ್ಲದಿದ್ದರೆ ದಿನಾ ಸ್ವಲ್ಪ ಸ್ವಲ್ಪ ಗಾಳಿ ಇಳಿಯುತ್ತದೆ, ಪಂಚರ್ ಅಂಗಡಿಯವರಿಗೂ ಕಾರಣ ಸಿಗುವುದಿಲ್ಲ. ಟ್ಯೂಬ್‌ಲೆಸ್ ಟೈರಾದರೆ ರಬ್ಬರಿನ ವಾಲ್ವ್ ಕೂಡ ಹೊಸದು ಹಾಕಿಸಿ. ಟೈರಿನ ಬೆಲೆಯ ಮುಂದೆ ಅದು ಏನೇನೂ ಅಲ್ಲ. ಅಂಚಿಗೆ ಸವರುವುದು ಸೋಪಿನ ಪೇಸ್ಟ್ ಆಗಿರಬೇಕು. ಗ್ರೀಸು, ಎಣ್ಣೆ ಬೇಡ, ಅದು ರಬ್ಬರನ್ನು ತಿನ್ನುತ್ತದೆ. ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ಅದು ತಿರುಗಿರಬೇಕು. ಔಟ್‌ಸೈಡ್ ಎಂದು ಬರೆದಿದ್ದರೆ ಆ ಬದಿ ಹೊರಗೆ. ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರವಾದ ಜಾಗ, ಅದನ್ನು ವಾಲ್ವಿನ ಪಕ್ಕಕ್ಕೆ ತರುವುದು ವಾಡಿಕೆ.

ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಒಂದೇ ಎಂದುಕೊಂಡವರು ಬಹಳ. ಬ್ಯಾಲೆನ್ಸಿಂಗ್ ಚಕ್ರದ ಸಮಾಚಾರ. ಚಕ್ರದ ಸುತ್ತ ಭಾರ ಸಮವಾಗಿಲ್ಲದಿದ್ದರೆ 80, 100 ಕಿಲೋಮೀಟರ್ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಯಂತ್ರದಲ್ಲಿ ತಿರುಗಿಸಿ ಎಷ್ಟು ಗ್ರಾಂ ಎಲ್ಲಿ ಬೇಕು ಎಂದು ನೋಡಿ ಸಣ್ಣ ಲೋಹದ ತುಂಡು ಅಂಟಿಸುತ್ತಾರೆ. ಹಳೆ ತುಂಡುಗಳನ್ನು ಮೊದಲು ಕಿತ್ತರೇ ನೋಡಿ. ಅಂಟಿಸಿದ ಮೇಲೆ ಇನ್ನೊಮ್ಮೆ ತಿರುಗಿಸಿ ಸೊನ್ನೆ ಬಂತೇ ಎಂದು ತೋರಿಸಲು ಹೇಳಿ. ಅಲೈನ್‌ಮೆಂಟ್ ಇಡೀ ಕಾರಿನ ಸಮಾಚಾರ, ಚಕ್ರಗಳು ಯಾವ ಕೋನದಲ್ಲಿ ನಿಂತಿವೆ ಎಂಬುದು. ಅದು ತಪ್ಪಿದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ನಿಮ್ಮ ಹಳೆ ಟೈರನ್ನು ಎಸೆಯುವ ಮುಂಚೆ ಕೈಯಾಡಿಸಿ ನೋಡಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಇತ್ತು. ಎರಡೂ ಅಂಚು ಸವೆದಿದ್ದರೆ ಕಡಿಮೆ ಇತ್ತು. ಒಂದೇ ಅಂಚಾದರೆ ಅಲೈನ್‌ಮೆಂಟ್ ಕೆಟ್ಟಿತ್ತು. ಅದನ್ನು ಸರಿ ಮಾಡಿಸದೆ ಹೊಸದು ಹಾಕಿದರೆ ಹೊಸದೂ ಹಾಗೇ ಹೋಗುತ್ತದೆ.

ನೈಟ್ರೋಜನ್ ತುಂಬಿಸಬೇಕಾ ಎಂದು ಕೇಳುತ್ತಾರೆ. ಬರೀ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಯಾವುದನ್ನೇ ತುಂಬಿಸಿ, ಅಳತೆ ಸರಿ ಇರಲಿ. ಆ ಅಳತೆ ಡ್ರೈವರ್ ಬಾಗಿಲು ತೆರೆದರೆ ಅಲ್ಲೇ ಚೀಟಿಯಲ್ಲಿ ಇರುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿಸಿ.

ಈಗ ನಟ್ಟು. ಅವತ್ತು ಉಜಿರೆಯ ಅಂಗಳದಲ್ಲಿ ಮಾವ ನಾಲ್ಕೂ ಚಕ್ರದ ನಟ್ಟುಗಳನ್ನು ಬಿಚ್ಚಿಸಿ ನನ್ನ ಕೈಯಲ್ಲೇ ಮತ್ತೆ ಹಾಕಿಸಿದರು. ಮೊದಲು ಬರಿಗೈ ಬೆರಳಲ್ಲಿ ತಿರುಗಿಸಬೇಕು. ಬೆರಳಿಗೆ ಬರಲಿಲ್ಲ ಎಂದರೆ ಮರೆ, ಅಂದರೆ ನಟ್ಟಿನ ಒಳಗಿನ ಸುತ್ತು ಗೆರೆ, ಸರಿಯಾಗಿ ಕೂತಿಲ್ಲ ಎಂದರ್ಥ. ಆಮೇಲೆ ಪಾನಾದಲ್ಲಿ ಒಂದನ್ನು ಬಿಗಿ ಮಾಡಿ ಅದರ ಎದುರಿನದಕ್ಕೆ ಹೋಗಬೇಕು, ನಕ್ಷತ್ರ ಬರೆದ ಹಾಗೆ. ಪಕ್ಕಪಕ್ಕದ್ದನ್ನು ಸಾಲಾಗಿ ಬಿಗಿ ಮಾಡಿದರೆ ಚಕ್ರ ಓರೆಯಾಗಿ ಕೂರುತ್ತದೆ. "ಕೈಯ ಬಲ ಸಾಕು. ಕಾಲಿನದ್ದು ಬೇಡ" ಎಂದರು. ಗನ್ನಿನಲ್ಲಿ ಅತಿಯಾಗಿ ಬಿಗಿದರೆ ಬೋಲ್ಟು ಎಳೆದು ಸೊರಗುತ್ತದೆ, ಬ್ರೇಕಿನ ಡಿಸ್ಕ್ ಸೊಟ್ಟಗಾಗುವುದೂ ಉಂಟು. ಒಳ್ಳೆ ಅಂಗಡಿಯಲ್ಲಿ ಟಾರ್ಕ್ ರೆಂಚ್, ಅಂದರೆ ಬಿಗಿಯನ್ನು ಅಳೆದು ತೋರಿಸುವ ಪಾನಾ ಇರುತ್ತದೆ. ಎಷ್ಟು ಬಿಗಿ ಎಂಬ ಅಂಕಿ ನಿಮ್ಮ ಕಾರಿನ ಪುಸ್ತಕದಲ್ಲಿದೆ. ಕೊನೆಯ ಬಿಗಿ ಅದರಲ್ಲೇ ಮಾಡಿ ಎಂದು ಕೇಳಲು ಸಂಕೋಚ ಬೇಡ.

ಸ್ಟೆಪ್ನಿ ಬಗ್ಗೆಯೂ ಒಂದು ಮಾತು. ಆ ಹೆಸರು ಬಂದದ್ದು ವೇಲ್ಸ್‌ನ ಲಾನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಡೇವಿಸ್ ಎಂಬ ಅಣ್ಣತಮ್ಮಂದಿರು ಅಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರು ಮಾಡಿದರು. ನಮ್ಮ ಹಳ್ಳಿಯ ಪಂಚರ್ ಅಂಗಡಿಯಲ್ಲೂ ಆ ಬೀದಿಯ ಹೆಸರು ದಿನಾ ಕೇಳುತ್ತದೆ ಎಂದು ನೆನೆದರೆ ನನಗೆ ಖುಷಿಯಾಗುತ್ತದೆ. ಹೊಸ ಟೈರು ಹಾಕಿಸಿದ ದಿನ ಅದನ್ನೂ ಹೊರಗೆ ತೆಗೆಸಿ ಗಾಳಿ ನೋಡಿಸಿ.

ಹೊಸ ಟೈರಿನ ಮೈ ಮೊದಮೊದಲು ನುಣುಪಾಗಿರುತ್ತದೆ. ಮೊದಲ ಇನ್ನೂರು, ಮುನ್ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಗಕ್ಕನೆ ಬ್ರೇಕ್ ಹಾಕುವ ಹಾಗೆ ಮಾಡಿಕೊಳ್ಳಬೇಡಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ನೋಡಬೇಕು. ಚಕ್ರ ತನ್ನ ಜಾಗದಲ್ಲಿ ಕೂತಾಗ ಸ್ವಲ್ಪ ಸಡಿಲ ಆಗಬಹುದು.

ಹೋದ ತಿಂಗಳು ನಮ್ಮ ಕಾರಿಗೆ ಮತ್ತೆ ಎರಡು ಹೊಸ ಟೈರು ಹಾಕಿಸಿದೆ. ಈ ಸಲ ಕೊನೆಯವರೆಗೂ ಹುಡುಗನ ಪಕ್ಕದಲ್ಲೇ ನಿಂತಿದ್ದೆ. ಅವನೂ ಬೇಸರ ಮಾಡಿಕೊಳ್ಳದೆ ಒಂದೊಂದನ್ನೂ ತೋರಿಸಿದ. ಮರುದಿನ ಉಜಿರೆಗೆ ಹೊರಟೆವು. ಚಿಕ್ಕಮಗಳೂರಿನಿಂದ ಕೊಟ್ಟಿಗೆಹಾರಕ್ಕೆ ಸುಮಾರು 50 ಕಿಲೋಮೀಟರ್. ಅಲ್ಲಿ ಕಾರು ನಿಲ್ಲಿಸಿ ನೀರುದೋಸೆ ತಿಂದೆವು. ಅಷ್ಟರಲ್ಲಿ ಚಕ್ರ ತಣ್ಣಗಾಗಿತ್ತು. ಡಿಕ್ಕಿಯಿಂದ ಪಾನಾ ತೆಗೆದು ಒಂದೊಂದೇ ನಟ್ಟು ನೋಡಿದೆ. ಹಿಂದಿನ ಬಲಗಡೆ ಚಕ್ರದಲ್ಲಿ ಒಂದು ನಟ್ಟು ಕಾಲು ಸುತ್ತು ತಿರುಗಿತು. ಬಿಗಿ ಮಾಡಿ, ಕೈ ತೊಳೆದುಕೊಂಡು, ಘಾಟಿ ಇಳಿದೆವು.

ನಮಸ್ಕಾರ.