ಶ್ವಾನದಳ: ಲೀಶ್ ಹಿಡಿದ ಕೈಯಾಗಿನ ಕೆಲಸ

ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಿನ ಈ ಪ್ಲಾಟ್‌ಫಾರ್ಮ್ ನೋಡ್ರಿ, 1,507 ಮೀಟರ್ ಉದ್ದ ಐತಿ. ಬಾಂಬ್ ಹುಡುಕೋ ನಾಯಿನ ಈ ತುದಿಯಿಂದ ಆ ತುದಿಗೆ ಒಂದೇ ದಮ್ಮಿಗೆ ಓಡಿಸಿದ್ರ ಅದು ತಪಾಸಣಿ ಅಲ್ಲ. ಬಾಯಿ ತೆರದು ತೇಕಾಕ ಹತ್ತಿತಂದ್ರ ಮೂಸೋದು ಕಡಿಮಿ ಆತು ಅಂತನ ಲೆಕ್ಕ. ಅದಕ್ಕ ಜಾಗಾನ ತುಂಡು ತುಂಡು ಮಾಡ್ಕೋಬೇಕು. ಸುಮಾರು 20 ನಿಮಿಷ ಹುಡುಕಿಸಿ, ನೆರಳಿನಾಗ ನೀರು ಕುಡಿಸಿ, ಆಮ್ಯಾಲೆ ಮುಂದಿನ ತುಂಡು. ಗಾಳಿ ನಾಯಿ ಮುಖಕ್ಕ ಬಡಿಯೋ ಹಂಗ ಹೊಂಟ್ರ ವಾಸನಿ ಲಗೂನ ಸಿಗ್ತೈತಿ.

ಈಗ ನಾಯಿನ ಹತ್ತಿರದಿಂದ ನೋಡ್ರಿ. ಬೆಂಚಿನ ಕೆಳಗ ಮೂಗು ಆಡಿಸಿ ದಾಟಿ ಹೋಗ್ತೈತಿ. ವಾಸನಿ ಹತ್ತಿತಂದ್ರ ಸಟ್ಟನ ತಲಿ ಹಿಂದಕ್ಕ ತಿರುಗ್ತೈತಿ, ಬಾಯಿ ಮುಚ್ಚತೈತಿ, ಬಾಲ ಬಿಗೀತೈತಿ. ವಾಸನಿ ಸಿಕ್ತು ಅಂತ ತಿಳಿಸಾಕ ನಾಯಿ ಕೂಡೋಕಿಂತ ಮೊದಲಿನ ಈ ಎರಡು ಸೆಕೆಂಡ್ ಹ್ಯಾಂಡ್ಲರ್ (ನಾಯಿನ ನಡೆಸೋರು) ಕಣ್ಣಿಗೆ ಬೀಳಬೇಕು. ಸ್ಫೋಟಕದ ನಾಯಿ ಬೊಗಳಂಗಿಲ್ಲ, ಕೆರಿಯಂಗಿಲ್ಲ, ಸುಮ್ಮನ ಕೂಡ್ತೈತಿ. ಕಾಲು ತಾಗಿದ್ರ ಅನಾಹುತ. ತರಬೇತಿಯೊಳಗ ಕೂತ ತಕ್ಷಣ ಬಹುಮಾನದ ಚೆಂಡು ಸಿಗಬೇಕು, ತಡ ಆದ್ರ ಯಾತಕ್ಕ ಸಿಕ್ತು ಅನ್ನೋದು ಅದಕ್ಕ ತಿಳಿಯಂಗಿಲ್ಲ.

ದೊಡ್ಡ ತಪ್ಪು ಆಗೋದು ಲೀಶಿನಾಗ, ಅಂದ್ರ ನಾಯಿ ಕಟ್ಟಿದ ಹಗ್ಗದಾಗ. ಯಾವುದೋ ಚೀಲದ ಮ್ಯಾಲೆ ಹ್ಯಾಂಡ್ಲರ್‌ಗೆ ಅನುಮಾನ ಬಂದು ಹೆಜ್ಜಿ ನಿಧಾನ ಆದ್ರ, ಲೀಶ್ ಒಂಚೂರು ಬಿಗಿ ಆದ್ರ ಸಾಕು. ನಾಯಿ ಅವರ ಮಾರಿ ನೋಡಿ, ವಾಸನಿ ಇಲ್ಲದಿದ್ರೂ ಕೂತುಬಿಡ್ತೈತಿ. ಪಾಪ, ಅದಕ್ಕ ಬೇಕಾಗಿರೋದು ತನ್ನವರ ಖುಷಿ. ಅದಕ್ಕ ಅಭ್ಯಾಸದಾಗ ವಸ್ತುನ ಬ್ಯಾರೆಯವರು ಬಚ್ಚಿಡಬೇಕು, ಹ್ಯಾಂಡ್ಲರ್‌ಗೆ ಗೊತ್ತಿರಬಾರದು. ಒಮ್ಮೊಮ್ಮೆ ಏನೂ ಇಡದನ ಹುಡುಕಿಸಬೇಕು.

ಜಾಡು ಹಿಡಿಯೋ ನಾಯಿದು ಬ್ಯಾರೆ ಕಷ್ಟ. ಕಳ್ಳತನ ಆದ ಮನಿಗೆ ಓಣಿ ಮಂದಿಯೆಲ್ಲ ನುಗ್ಗಿ, ಕಪಾಟು ಮುಟ್ಟಿ, ಹೊಸ್ತಿಲಾ ತುಳದ ಮ್ಯಾಲೆ ನಾಯಿ ಕರಸಿದ್ರ ಯಾರ ವಾಸನಿ ಕೊಡೋದು? ದಯವಿಟ್ಟು ಬಾಗಿಲಾ ಮುಂದ ಮಾಡಿ ಹೊರಗ ನಿಲ್ರಿ. ನಮ್ಮ ಎರಿ ಹೊಲದಾಗ ನಸುಕಿನ್ಯಾಗ ಹಸಿ ಇದ್ದಾಗ ಜಾಡು ಉಳೀತೈತಿ, ಬಿಸಲೇರಿ ಮಣ್ಣು ಕಾದ್ರ ಹಾರಿ ಹೋಗ್ತೈತಿ. ನಾಯಿ ಡಾಂಬರ ರಸ್ತೆಗೆ ಬಂದು ನಿಂತ್ರ "ಸೋತಿತು" ಅನಬ್ಯಾಡ್ರಿ. ಅಲ್ಲಿಂದ ಗಾಡಿ ಹತ್ತಿರಬಹುದು, ಪೊಲೀಸರು ಅಲ್ಲಿ ಕ್ಯಾಮೆರಾ ನೋಡಾಕ ಶುರು ಮಾಡ್ತಾರ.

ಮೇ ತಿಂಗಳಾಗ ಕೆಲಸಕ್ಕ ಇಳಿಸೋಕಿಂತ ಮೊದಲು ಅಂಗೈ ಹಿಂಭಾಗಾನ ಡಾಂಬರಿಗೆ 7 ಸೆಕೆಂಡ್ ಇಟ್ಟು ನೋಡಬೇಕು. ಕೈ ತಡಿಯದಿದ್ರ ನಾಯಿ ಪಾದಾನೂ ತಡಿಯಂಗಿಲ್ಲ. ಕೆಲಸ ಮುಗಿದ ಮ್ಯಾಲೆ ನಾಲ್ಕೂ ಪಾದ ಎತ್ತಿ, ಬೆರಳ ಸಂದಿಗೆ ಮುಳ್ಳು, ಉಣ್ಣಿ ಅದಾವೇನು ಅಂತ ನೋಡಿದ ಮ್ಯಾಲನ ಹ್ಯಾಂಡ್ಲರ್ ಊಟಕ್ಕ ಕೂಡಬೇಕು.